ಜೋಡಿಯ ಬಗ್ಗೆ ಒಂದು ನಿಮಿಷ

"ಈ ಸೀನು ನೀನೇ ತೆಗಿ" ಎಂದು ನಿರ್ದೇಶಕ ಗುಬ್ಬಿಗೆ ಹೇಳಿದ್ದು ಕಂಟಿನ್ಯೂಟಿ ಅಕ್ಕನ ಪಕ್ಕದಲ್ಲೇ ಕೂತು. ಚಾನೆಲ್ಲಿನವರ ಫೋನು ಬಂದಿತ್ತು, ಹೊರಗೆ ಹೋಗಿ ಮಾತಾಡಬೇಕಿತ್ತು. ಅವನ ಕುರ್ಚಿಗೂ ಅಕ್ಕನ ಕುರ್ಚಿಗೂ ನಡುವೆ ಟೀ ಲೋಟ ಇಡುವಷ್ಟು ಜಾಗವೂ ಇರಲಿಲ್ಲ. ಆದರೂ ಅವನ ಕಣ್ಣು ಅವಳನ್ನು ದಾಟಿ, ಬಾಗಿಲ ಹತ್ತಿರ ಕಿವಿಗೆ ಪೆನ್ನು ಸಿಕ್ಕಿಸಿಕೊಂಡು ನಿಂತಿದ್ದ ಗುಬ್ಬಿಯನ್ನು ಹುಡುಕಿತು.

ಅದಾಗಿ ಒಂದು ತಿಂಗಳಾಗಿತ್ತು. ಅಕ್ಕನ ಹೊಟ್ಟೆಯಲ್ಲಿ ಮಾತ್ರ ಅದು ಆರಿರಲಿಲ್ಲ.

ಕಂಟಿನ್ಯೂಟಿ ಎಂದರೆ ಒಂದು ಶಾಟಿಗೂ ಅದರ ಮುಂದಿನ ಶಾಟಿಗೂ ತಾಳೆ ತಪ್ಪದಂತೆ ನೋಡುವ ಕೆಲಸ. ಬೆಳಿಗ್ಗೆ ತೆಗೆದ ಶಾಟಿನಲ್ಲಿ ಲೋಟದಲ್ಲಿ ಅರ್ಧ ನೀರಿದ್ದರೆ ಮಧ್ಯಾಹ್ನ ತೆಗೆಯುವುದರಲ್ಲೂ ಅರ್ಧವೇ ಇರಬೇಕು. ಬ್ಯಾಂಡೇಜು ಬಲಗೈಯಿಂದ ಎಡಗೈಗೆ ಹಾರಬಾರದು. ಬಾಗಿಲಾಚೆ ಕೂದಲು ಬಿಟ್ಟುಕೊಂಡಿದ್ದ ಸೊಸೆ ಬಾಗಿಲೀಚೆ ಜಡೆ ಹಾಕಿಕೊಂಡು ಬರಬಾರದು. ಎಲ್ಲ ಸರಿಯಿದ್ದರೆ ಈ ಕೆಲಸ ಯಾರ ಕಣ್ಣಿಗೂ ಬೀಳುವುದಿಲ್ಲ. ತಪ್ಪಿದರೆ ಊರಿಗೆಲ್ಲ ಗೊತ್ತಾಗುತ್ತದೆ. ವರ್ಷಗಟ್ಟಲೆ ಅದನ್ನೇ ಮಾಡಿ ಮಾಡಿ ಸೆಟ್ಟಿನಲ್ಲಿ ಅವಳ ಹೆಸರೇ ಕಂಟಿನ್ಯೂಟಿ ಅಕ್ಕ ಎಂದಾಗಿತ್ತು. ಅವಳಿಗಿಂತ ಹಿರಿಯರಾದ ಲೈಟಿನವರೂ ಅಕ್ಕ ಎನ್ನುತ್ತಿದ್ದರು. ಮೊಮ್ಮಗಳನ್ನು ಕಂಡಿದ್ದ ನಿರ್ದೇಶಕನೂ ಅಕ್ಕ ಎನ್ನುತ್ತಿದ್ದ.

ಅವಳಿಗೆ ನಿರ್ದೇಶಕಿ ಆಗಬೇಕಿತ್ತು. ಈ ವಿಷಯ ಅವಳಿಗೊಬ್ಬಳಿಗೆ ಗೊತ್ತಿತ್ತು. ಗಂಡನಿಗೂ ಹೇಳಿರಲಿಲ್ಲ. ದಿನವೂ ಮಾನಿಟರ್ ಮುಂದೆ ಕೂತು, ನಿರ್ದೇಶಕ ಕ್ಯಾಮೆರಾ ಎಲ್ಲಿಡಿಸುತ್ತಾನೋ ಅದನ್ನು ಮನಸ್ಸಿನಲ್ಲೇ ಕಿತ್ತು ಬೇರೆ ಕಡೆ ಇಡುತ್ತಿದ್ದಳು. ಸಂಜೆಯ ಹೊತ್ತಿಗೆ ಅವಳ ತಲೆಯೊಳಗೆ ಅದೇ ಕಂತು ಇನ್ನೊಂದು ಥರ ಮುಗಿದಿರುತ್ತಿತ್ತು. ಹೇಳಿದರೆ ಜನ ನಗುತ್ತಾರೆ ಎಂಬ ಹೆದರಿಕೆಯೇನಲ್ಲ. ಕೇಳಿ ಪಡೆಯುವುದು ಅವಳ ಜಾಯಮಾನವಲ್ಲ. ಕಣ್ಣಿದ್ದವರು ಗುರುತಿಸಲಿ ಎಂದು ಕಾದಿದ್ದಳು. ಕಣ್ಣಿದ್ದವರು ಗುಬ್ಬಿಯನ್ನು ಗುರುತಿಸಿದರು.

ಗುಬ್ಬಿ ಈ ಸೆಟ್ಟಿಗೆ ಬಂದಾಗ ಅವಳ ಕೆಲಸ ಕಲಾವಿದರನ್ನು ಮೇಕಪ್ ಕೋಣೆಯಿಂದ ಎಬ್ಬಿಸಿಕೊಂಡು ಬರುವುದು. ಕುಳ್ಳಿ, ಒಂದು ಕಡೆ ನಿಲ್ಲುವವಳಲ್ಲ, ಯಾರ ಜೊತೆ ಬೇಕಾದರೂ ಚಿಲಿಪಿಲಿ. ಕ್ಲಾಪ್ ಹಿಡಿಯುವುದರಿಂದ ಹಿಡಿದು ಶಾಟ್ ಭಾಗ ಮಾಡುವವರೆಗೆ ಅವಳಿಗೆ ಕಲಿಸಿದವಳು ಅಕ್ಕ. ಈಗ ಅವಳು ಸಹಾಯಕ ನಿರ್ದೇಶಕಿ. ಎಡಿಟರ್ ಜೊತೆ ಊಟ, ಚಾನೆಲ್ಲಿನ ಹುಡುಗಿಯರ ಜೊತೆ ಟೀ. ಯಾರ ಮಗುವಿಗೆ ಜ್ವರ, ಯಾರು ಮನೆ ಬದಲಾಯಿಸಿದರು, ಎಲ್ಲ ಅವಳಿಗೆ ಗೊತ್ತು.

ಅವತ್ತು ನಿರ್ದೇಶಕ ಬಿಟ್ಟುಹೋದ ಸೀನು ಅಜ್ಜಿಯದು. ಮಗ ಸತ್ತ ಸುದ್ದಿ ಕೇಳಿ ಅಜ್ಜಿ ಅಳಬೇಕು. ಸೀನಿನ ಕಾಗದದಲ್ಲಿ ಮುಖದ ಕ್ಲೋಸಪ್ ಎಂದಿತ್ತು. ಗುಬ್ಬಿ ಹಿರಿಯ ನಟಿಯನ್ನು ಗೋಡೆ ಕಡೆ ಮುಖ ಮಾಡಿ ಕೂರಿಸಿ, ಕ್ಯಾಮೆರಾವನ್ನು ಬೆನ್ನಿನ ಹಿಂದೆ ಇಡಿಸಿದಳು. ಅಳುವ ಮುಖ ಕಾಣದಿದ್ದರೆ ಜನ ಟೀವಿ ಆಫ್ ಮಾಡುತ್ತಾರೆ ಎಂದು ಕ್ಯಾಮೆರಾದವನು ಜಗಳಕ್ಕೆ ನಿಂತ. ನಟಿ ಮುನಿಸಿಕೊಂಡರು. ಊಟ ಆರಿತು. ಗುಬ್ಬಿ ಜಗ್ಗಲಿಲ್ಲ. ಫೋನು ಮುಗಿಸಿ ಬಂದ ನಿರ್ದೇಶಕ ಎಲ್ಲರೆದುರು ಅವಳಿಗೆ ಬೈದ. ಎಡಿಟಿಂಗಿನಲ್ಲಿ ಮಾತ್ರ ಆ ಶಾಟನ್ನು ಹಾಗೇ ಉಳಿಸಿದ.

ಅಕ್ಕನಿಗೆ ಉರಿದದ್ದು ಇದಕ್ಕೆಲ್ಲ ಅಲ್ಲ. ಬೆಳಿಗ್ಗೆ ಆ ಸೀನು ಓದಿದಾಗಲೇ ಅವಳು ಅಜ್ಜಿಯನ್ನು ಗೋಡೆಗೆ ತಿರುಗಿಸಿ ಕೂರಿಸಿದ್ದಳು, ತಲೆಯೊಳಗೆ. ಅವಳ ಶಾಟು ಅದು. ಬಾಯಿ ಬಿಟ್ಟು ಹೇಳಿರಲಿಲ್ಲ, ಅಷ್ಟೆ.

*

"ಅಕ್ಕಾ, ನಮ್ಮಿಬ್ಬರ ಹೆಸರೂ ಕೊಟ್ಟೆ" ಎನ್ನುತ್ತಾ ಗುಬ್ಬಿ ಟೀ ಹೊತ್ತಿಗೆ ಬಂದಳು. ಹಾಸ್ಪಿಟಲ್ ಸೆಟ್ಟಿನ ಮಂಚದ ಮೇಲೆ ಕಾಲು ಮಡಚಿ ಕೂತಳು. "ಸಂಘದ ಮೀಟಿಂಗಿಗೆ. ಸಿನಿಮಾ ಟೀವಿ ಹೆಂಗಸರದ್ದು. ಒಂಟಿಯಾಗಿ ಸೇರಿಸಲ್ವಂತೆ, ಜೋಡಿ ಇರಬೇಕಂತೆ. ನನ್ನ ಜೋಡಿ ನೀವು."

"ನನ್ನ ಕೇಳಿದ್ಯಾ?"

"ಕೇಳಿದ್ರೆ ಬೇಡ ಅಂತಿದ್ರಿ."

"ಆ ದಿಂಬಿನ ಮೇಲೆ ಕೂರಬೇಡ. ರೋಗಿ ತಲೆ ಒತ್ತಿ ಬಿದ್ದ ಗುಂಡಿ ಹೋಗುತ್ತೆ."

ಗುಬ್ಬಿ ಎದ್ದು ದಿಂಬಿನ ಗುಂಡಿ ನೋಡಿ, ಅಂಚಿಗೆ ಸರಿದು ಕೂತಳು. "ಪ್ರೊಡ್ಯೂಸರ್ ಮೇಡಂ ಬರ್ತಾರಂತೆ ಅಕ್ಕಾ. ಅದೇ, ವಾರದ ಸೀರೀಸ್ ಮಾಡ್ತಿದಾರಲ್ಲ. ಇಬ್ಬರು ಹೊಸ ಹೆಣ್ಣುಮಕ್ಕಳಿಗೆ ಒಂದೊಂದು ಕಂತು ಡೈರೆಕ್ಷನ್ ಕೊಡ್ತಾರಂತೆ. ಒಬ್ಬಳು ಆಗಲೇ ಸಿಕ್ಕಿದಾಳೆ. ಇನ್ನೊಬ್ಬಳನ್ನ ಅಲ್ಲೇ ಆರಿಸ್ತಾರಂತೆ."

ಅಕ್ಕ ಟೀ ಗುಟುಕರಿಸಿದಳು. ಈ ಸುದ್ದಿ ಅವಳಿಗೆ ವಾರದ ಹಿಂದೆಯೇ ಗೊತ್ತಿತ್ತು. ಸಂಘದ ಸಭೆಗೆ ಹೋಗಬೇಕೆಂದೂ ಇತ್ತು. ಜೋಡಿ ಎಂದು ಯಾರನ್ನು ಕರೆಯುವುದೆಂದು ಗೊತ್ತಾಗದೆ ಸುಮ್ಮನಿದ್ದಳು. ಈ ಊರಲ್ಲಿ ಅವಳ ಪರಿಚಯದವರಿಗೆ ಲೆಕ್ಕವಿಲ್ಲ, ಆದರೆ ಜೋಡಿ ಎನ್ನಬಹುದಾದವರು ಯಾರೂ ಇರಲಿಲ್ಲ.

"ನಿನಗೆ ಬೇಕಾ ಅದು?" ಎಂದಳು.

"ಬೇಕು ಅಕ್ಕಾ" ಎಂದಳು ಗುಬ್ಬಿ. ಬಿಸ್ಕತ್ತು ಬೇಕಾ ಎಂದರೆ ಬೇಕು ಎಂದಷ್ಟೇ ಸಲೀಸಾಗಿ.

ಆ ಸಲೀಸು ನೋಡಿ ಅಕ್ಕನ ಮೈಯೆಲ್ಲ ಉರಿದುಹೋಯಿತು.

ಮನೆಯಲ್ಲಿ ಅತ್ತೆ ಎಂದಿನಂತೆ ಅವಳ ಸೀರಿಯಲ್ಲು ನೋಡುತ್ತಿದ್ದರು. ಕೊನೆಯಲ್ಲಿ ಹೆಸರುಗಳು ಓಡತೊಡಗಿದೊಡನೆ ಕನ್ನಡಕ ಏರಿಸಿದರು. ಲೈಟಿನವರ ಹೆಸರು ಮುಗಿದು ಕಂಟಿನ್ಯೂಟಿಯದು ಬರುವಷ್ಟರಲ್ಲಿ ಸೋಪಿನ ಜಾಹೀರಾತು ಬಂತು.

"ಇವತ್ತೂ ನಿನ್ನ ಹೆಸರು ಬರೋ ಹೊತ್ತಿಗೆ ಈ ಸೋಪಿನವಳಿಗೆ ಸ್ನಾನ ಬಂತು" ಎಂದರು ಅತ್ತೆ. "ನಾಳೆ ರಜಾ ದಿನ ಎಲ್ಲಿಗೆ ಹೊರಟಿದೀಯ?"

"ಸಂಘದ ಮೀಟಿಂಗು ಅತ್ತೆ. ಪರಿಚಯ ಮಾಡ್ಕೊಳ್ಳೋಕೆ."

"ಇಷ್ಟು ವರ್ಷ ಅಲ್ಲೇ ಬಿದ್ದಿದೀಯ, ಇನ್ನೂ ಪರಿಚಯ ಆಗಿಲ್ವಾ?"

ಗಂಡ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವವನು. ಮಗಳ ಶಾಲೆಯ ಶೂಗೆ ಪಾಲಿಶ್ ಹಾಕುತ್ತಾ, "ಗುಬ್ಬಿ ಬರ್ತಾಳಾ?" ಎಂದ.

"ಅವಳೇ ಕರ್ಕೊಂಡು ಹೋಗ್ತಿರೋದು."

"ಚುರುಕಿದಾಳೆ ಕಣೇ ಅವಳು. ಮೊನ್ನೆ ಆ ಅಜ್ಜಿ ಬೆನ್ನು ತೋರ್ಸಿದ್ರಲ್ಲ, ಅಮ್ಮ ಅತ್ತೇಬಿಟ್ಟರು."

"ಮುಖ ಕಂಡಿದ್ರೆ ಅಳ್ತಿರಲಿಲ್ಲ" ಎಂದರು ಅತ್ತೆ. "ಆ ನಟಿ ಅಳೋದು ನೋಡಿದ್ರೆ ನಂಗೆ ನಗು ಬರುತ್ತೆ. ಬೆನ್ನು ನೋಡಿ ನನ್ನ ಅಮ್ಮನ ನೆನಪಾಯ್ತು."

ಅದು ನನ್ನದು ಎಂಬ ಮಾತು ಅಕ್ಕನ ನಾಲಿಗೆಯ ತುದಿಗೆ ಬಂತು. ಎದ್ದು ಹೋಗಿ ಪಾತ್ರೆ ತೊಳೆದಳು. ತೊಳೆದಿದ್ದ ಪಾತ್ರೆಗಳನ್ನೇ ಮತ್ತೆ ತೊಳೆದಳು.

*

ಸಭೆ ಒಂದು ನೃತ್ಯ ಶಾಲೆಯ ಹಾಲಿನಲ್ಲಿತ್ತು. ಮೂರು ಗೋಡೆಗೆ ಕನ್ನಡಿ. ಎಲ್ಲಿ ತಿರುಗಿದರೂ ತಮ್ಮದೇ ಮುಖ, ಅದರ ಹಿಂದೆ ನೂರು ಹೆಂಗಸರು. ಸೌಂಡಿನವಳು, ವಿಗ್ ಮಾಡುವವಳು, ಬರೆಯುವವರು, ಎಡಿಟರುಗಳು, ಈಗಷ್ಟೇ ಓದು ಮುಗಿಸಿ ಎದೆಗೆ ಫೈಲು ಅವುಚಿಕೊಂಡ ಹುಡುಗಿಯರು. ಅಕ್ಕ ಕಾಟನ್ ಕುರ್ತಾ ಹಾಕಿದ್ದಳು. ಗುಬ್ಬಿ ಸೆಟ್ಟಿಗೆ ಹಾಕುವ ಜೀನ್ಸಿನಲ್ಲೇ ಬಂದಿದ್ದಳು. ಅವಳಿಗೇ ಹೆಚ್ಚು ಒಪ್ಪಿತ್ತು. ಅದನ್ನೂ ಅಕ್ಕನ ಕಣ್ಣು ಬಿಡಲಿಲ್ಲ.

ತರಬೇತಿ ಕೊಡಲು ಬಂದವಳು ಮೈಕು ಬೇಡ ಎಂದು ಪಕ್ಕಕ್ಕಿಟ್ಟಳು. "ನಿಮ್ಮ ಬಗ್ಗೆ ನೀವು ಹೇಳಿ ಅಂದ್ರೆ ನಮ್ಮ ಹೆಂಗಸರು ನೆಲ ನೋಡ್ತಾರೆ. ಇಲ್ಲಾ ತಪ್ಪೊಪ್ಪಿಗೆ ಶುರು ಮಾಡ್ತಾರೆ. ಅದಕ್ಕೇ ಇಲ್ಲಿ ಒಂದೇ ನಿಯಮ. ಯಾರೂ ತಮ್ಮ ಬಗ್ಗೆ ಮಾತಾಡೋ ಹಾಗಿಲ್ಲ. ನಿಮ್ಮ ಜೋಡಿಯ ಬಗ್ಗೆ ನೀವು ಒಂದು ನಿಮಿಷ ಹೇಳ್ತೀರ, ನಿಮ್ಮ ಬಗ್ಗೆ ಅವಳು ಹೇಳ್ತಾಳೆ. ಗಂಟೆ ಹೊಡೆದ ಮೇಲೆ ಮುಂದಿನ ಮೇಜು. ಮೇಜಿನಲ್ಲಿ ಕೂತ ಚಾನೆಲ್ಲಿನವರು, ಪ್ರೊಡ್ಯೂಸರುಗಳು ಏನು ಕೇಳಿದ್ರೂ ಜೋಡಿಯೇ ಉತ್ತರ ಕೊಡಬೇಕು."

"ನನ್ನ ಮದುವೆ ಮಾತುಕತೆ ಹೀಗೇ ಆಗಿತ್ತು" ಎಂದಳು ವಿಗ್ಗಿನವಳು. "ನಾನು ಬಾಯಿ ಮುಚ್ಚಿಕೊಂಡು ಕೂತಿದ್ದೆ, ನಮ್ಮತ್ತಿಗೆ ಸುಳ್ಳು ಹೇಳ್ತಿದ್ದಳು."

ಎಲ್ಲರೂ ನಕ್ಕರು. ಅಕ್ಕ ನಗಲಿಲ್ಲ. ಅವಳಿಗೆ ಒಂದು ವಿಷಯ ಫಕ್ಕನೆ ಹೊಳೆದಿತ್ತು. ತನ್ನ ಭವಿಷ್ಯ ಗುಬ್ಬಿಯ ಬಾಯಲ್ಲಿದೆ. ಗುಬ್ಬಿಯದು ತನ್ನ ಬಾಯಲ್ಲಿ.

ಮೊದಲ ಮೇಜುಗಳಲ್ಲಿ ಅವಳು ಸುಮ್ಮನೆ ಒಳ್ಳೆಯ ಮಾತಾಡಿದಳು. ಚಾನೆಲ್ಲಿನವಳ ಮುಂದೆ, ಡಬ್ಬಿಂಗ್ ಸ್ಟುಡಿಯೋದವಳ ಮುಂದೆ, "ಇವಳು ಕಷ್ಟಪಡ್ತಾಳೆ, ಬೇಗ ಕಲೀತಾಳೆ" ಎಂದಳು. ಖರ್ಚಿಲ್ಲದ ಮಾತು. ಅಲ್ಲಿ ಕೊಡಲಿಕ್ಕೆ ಯಾರ ಕೈಯಲ್ಲೂ ಏನೂ ಇರಲಿಲ್ಲ. ಪಕ್ಕದ ಮೇಜಿನಲ್ಲಿ ಸೌಂಡಿನವಳು ತನ್ನ ಜೋಡಿಯ ಹೆಸರೇ ಮರೆತು ತಡವರಿಸುತ್ತಿದ್ದಳು. ಆ ಜೋಡಿ ಮೇಜಿನ ಕೆಳಗೆ ಅವಳ ಕಾಲು ತುಳಿಯುತ್ತಿದ್ದಳು.

ಪ್ರೊಡ್ಯೂಸರ್ ಮೇಡಂ ಕಿಟಕಿಯ ಹತ್ತಿರದ ಮೇಜಿನಲ್ಲಿದ್ದರು. ಐವತ್ತು ದಾಟಿದ ಹೆಂಗಸು. ಚಿಕ್ಕದಾಗಿ ಕತ್ತರಿಸಿದ ನರೆಗೂದಲು, ಓಡುವವರು ಹಾಕುವ ಶೂ. ಮುಂದೆ ಕಿತ್ತಳೆ ಹಣ್ಣಿನ ಸಿಪ್ಪೆಯ ಗುಡ್ಡೆ. ಅವರು ಹಣ್ಣು ಸುಲಿಯುತ್ತಲೇ ಕೇಳುತ್ತಿದ್ದರು. ಯಾರ ಮುಖವನ್ನೂ ನೋಡುತ್ತಿರಲಿಲ್ಲ.

"ಮೊದಲು ಯಾರು?" ಎಂದರು.

"ನಾನೇ" ಎಂದು ಗುಬ್ಬಿ ಕುರ್ಚಿಯ ತುದಿಗೆ ಬಂದಳು. "ಇವರು ನಮ್ಮ ಕಂಟಿನ್ಯೂಟಿ ಅಕ್ಕ. ಮೇಡಂ, ಇವರ ಕಣ್ಣು ತಪ್ಪಿಸೋಕೆ ಯಾರಿಂದಲೂ ಆಗಲ್ಲ. ಒಂದು ಸಲ ಮಧ್ಯಾಹ್ನ ಹೀರೋ ಊಟ ಮಾಡಿ ಬಂದ. ಇವರು ನೋಡಿದೋರೇ, ಬೆಳಿಗ್ಗೆ ಎಡಗಡೆ ಹಲ್ಲಲ್ಲಿ ಸೊಪ್ಪು ಇರಲಿಲ್ಲ ಅಂದರು. ಮೂರು ವಾರ ಬಿಟ್ಟು ಅದೇ ಸೀನು ಮುಂದುವರಿಸಿದ್ರೂ ಪರದೆ ಎಷ್ಟು ಸರಿದಿತ್ತು ಅಂತ ಬಾಯಿಪಾಠ ಹೇಳ್ತಾರೆ. ನಮ್ಮ ಡೈರೆಕ್ಟರ್ ರಜಾ ಹಾಕಬಹುದು, ಹೀರೋಯಿನ್ ಬದಲಾಗಬಹುದು. ಅಕ್ಕ ಒಂದು ದಿನ ಬರದಿದ್ರೆ ಮಾತ್ರ ಶೂಟಿಂಗ್ ನಿಲ್ಲುತ್ತೆ. ಸತ್ಯ ಮೇಡಂ. ಇಂಥ ಕಂಟಿನ್ಯೂಟಿ ಈ ಊರಲ್ಲಿ ಇನ್ನೊಬ್ಬರಿಲ್ಲ."

ಪ್ರೊಡ್ಯೂಸರ್ ಮೊದಲ ಸಲ ತಲೆ ಎತ್ತಿ ಅಕ್ಕನನ್ನು ನೋಡಿದರು. "ಇಂಥವರು ಸಿಗೋದಿಲ್ಲ" ಎಂದರು.

ಅಕ್ಕ ಮುಗುಳ್ನಕ್ಕಳು. ಒಂದೊಂದು ಹೊಗಳಿಕೆಯೂ ಒಂದೊಂದು ಮೊಳೆಯಾಗಿತ್ತು, ಅವಳನ್ನು ಕುರ್ಚಿಗೆ ಬಡಿದು ಕೂರಿಸಿತ್ತು. ಒಂದೇ ಒಂದು ಮಾತು, ಇವರಿಗೆ ಸೀನು ಗೊತ್ತಾಗುತ್ತೆ ಎಂಬ ಒಂದು ಮಾತು, ಅದರಲ್ಲಿ ಇರಲಿಲ್ಲ. ಎಷ್ಟು ಪ್ರೀತಿಯಿಂದ ಹೇಳಿದಳು ಹಾಳಾದವಳು, ತಿರುಗಿ ಬೈಯಲಿಕ್ಕೂ ಆಗದ ಹಾಗೆ.

"ಈಗ ನೀವು" ಎಂದರು ಪ್ರೊಡ್ಯೂಸರ್.

ಅಕ್ಕ ಗುಬ್ಬಿಯ ಕಡೆ ನೋಡಲಿಲ್ಲ. ಕಿತ್ತಳೆ ಸಿಪ್ಪೆ ನೋಡುತ್ತಾ ಶುರು ಮಾಡಿದಳು. ದನಿಯಲ್ಲಿ ಹಿರಿಯಕ್ಕನ ಅಕ್ಕರೆ ಇತ್ತು.

"ಇವಳಿಗೆ ತುಂಬ ಹಟ. ಒಳ್ಳೇದೇ ಅನ್ನಿ, ಈ ವಯಸ್ಸಿನಲ್ಲಿ. ಹೋದ ತಿಂಗಳು ಡೈರೆಕ್ಟರ್ ಒಂದು ಸೀನು ಇವಳ ಕೈಗೆ ಕೊಟ್ಟು ಹೊರಗೆ ಹೋದರು. ಕಾಗದದಲ್ಲಿ ಕ್ಲೋಸಪ್ ಅಂತ ಬರೆದಿದೆ. ಇವಳು ಬೆನ್ನು ತೆಗೆದಳು. ಕ್ಯಾಮೆರಾದವರು ದೊಡ್ಡವರು, ಅವರು ಹೇಳಿದ್ರು, ಕೇಳಲಿಲ್ಲ. ಆ ನಟಿ ಇವಳ ಅಜ್ಜಿ ವಯಸ್ಸಿನವರು, ಬೇಜಾರು ಮಾಡ್ಕೊಂಡ್ರು, ಕೇಳಲಿಲ್ಲ. ಇಡೀ ಯೂನಿಟ್ಟಿನ ಊಟ ಆರಿಹೋಯ್ತು. ಡೈರೆಕ್ಟರ್ ಬಂದು ಎಲ್ಲರೆದುರು ಬೈದರು. ಆಗಲೂ ಕ್ಷಮಿಸಿ ಅನ್ನಲಿಲ್ಲ ಇವಳು. ಒಂದು ಶಾಟು ತಲೆಗೆ ಹೊಕ್ಕಿತು ಅಂದ್ರೆ ಇವಳಿಗೆ ಹೊತ್ತು, ದೊಡ್ಡವರು ಚಿಕ್ಕವರು ಒಂದೂ ಕಾಣಲ್ಲ. ಕಲೀತಾಳೆ, ಸ್ವಲ್ಪ ಪಳಗಬೇಕು."

ಹೇಳಿ ಮುಗಿಸಿದಾಗ ಅವಳಿಗೆ ಸಮಾಧಾನವಾಗಿತ್ತು. ಒಂದೂ ಸುಳ್ಳು ಆಡಿರಲಿಲ್ಲ. ಸೆಟ್ಟಿನ ಲೆಕ್ಕದಲ್ಲಿ ಇದಕ್ಕಿಂತ ಕೆಟ್ಟ ಶಿಫಾರಸು ಇಲ್ಲ: ಮಾತು ಕೇಳದವಳು, ಕಾಗದದಲ್ಲಿದ್ದುದನ್ನು ಬಿಟ್ಟವಳು, ಊಟ ತಡ ಮಾಡಿಸಿದವಳು.

ಪ್ರೊಡ್ಯೂಸರ್ ಹಣ್ಣು ಸುಲಿಯುವುದನ್ನು ನಿಲ್ಲಿಸಿದ್ದರು. ಗುಬ್ಬಿ ಬಾಯಿ ತೆರೆಯಲು ಹೋದಾಗ ಬೆರಳೆತ್ತಿ ತಡೆದರು.

"ನೀವು ಮಾತಾಡೋ ಹಾಗಿಲ್ಲ. ಅಕ್ಕ ಹೇಳಲಿ. ಆ ಶಾಟು ಏನಾಯ್ತು?"

"ಇಟ್ಕೊಂಡರು."

"ಬೈದವರೇ?"

"ಹೂಂ."

"ನಿಮಗೆ ಹೇಗನ್ನಿಸ್ತು?"

ಕೆಟ್ಟದಾಗಿತ್ತು ಎನ್ನಬಹುದಿತ್ತು. ಆದರೆ ಅದು ಅವಳದೇ ಶಾಟು. ತನ್ನ ಕೂಸನ್ನು ಕುರೂಪಿ ಎನ್ನಲು ನಾಲಿಗೆ ಹೊರಳಲಿಲ್ಲ. "ಕ್ಯಾಮೆರಾ ಇನ್ನೂ ಸ್ವಲ್ಪ ಕೆಳಗಿರಬೇಕಿತ್ತು" ಎಂದಳು. "ಬೆನ್ನಿಗಿಂತ ಕೆಳಗೆ. ಅಜ್ಜಿಯ ಕೈ ನೆಲ ಹುಡುಕ್ತಿತ್ತು. ಅದು ಶಾಟಿನಲ್ಲಿ ಸಿಗಲಿಲ್ಲ."

ಪ್ರೊಡ್ಯೂಸರ್ ಅವಳನ್ನೇ ನೋಡಿದರು. "ನಿಮ್ಮ ಕಣ್ಣಿಗೆ ಬೀಳದೇ ಇರೋದು ಏನೂ ಇಲ್ಲ ಅಲ್ವಾ" ಎಂದರು. ಗಂಟೆ ಹೊಡೆಯಿತು.

*

ಊಟದ ನಂತರ ಪ್ರೊಡ್ಯೂಸರ್ ಅವರ ಸಹಾಯಕಿ ಇಬ್ಬರನ್ನೂ ಕರೆದಳು. ಕಿಟಕಿಯ ಬಳಿ ನಿಂತೇ ಮಾತು ಮುಗಿಯಿತು.

"ನಿಮಗೆ ಒಂದು ಕಂತು ಕೊಡ್ತೀನಿ" ಎಂದರು ಪ್ರೊಡ್ಯೂಸರ್, ಗುಬ್ಬಿಗೆ. "ಬೆಳಿಗ್ಗೆಯಿಂದ ಎಲ್ಲರೂ ಹೇಳೋದು ಒಂದೇ, ಇವಳು ಒಳ್ಳೆಯವಳು, ಹೇಳಿದ ಮಾತು ಕೇಳ್ತಾಳೆ ಅಂತ. ಮಾತು ಕೇಳೋರು ನನ್ನ ಆಫೀಸಲ್ಲಿ ಬೇಕಾದಷ್ಟು ಜನ ಇದಾರೆ. ಊಟ ಆರಿದ್ರೂ ಪರವಾಗಿಲ್ಲ ಅನ್ನೋಳು ಒಬ್ಬಳೂ ಇರಲಿಲ್ಲ. ನಿಮ್ಮ ಅಕ್ಕನಿಗೆ ಥ್ಯಾಂಕ್ಸ್ ಹೇಳಿ." ನಂತರ ಅಕ್ಕನ ಕಡೆ ತಿರುಗಿ, "ನೀವು ಇಡೀ ಸೀರೀಸಿಗೆ ಕಂಟಿನ್ಯೂಟಿ. ಇಲ್ಲ ಅನ್ನಬಾರದು" ಎಂದರು.

ಗುಬ್ಬಿ ಅವಳ ಕೈ ಹಿಡಿದಳು. ಗುಬ್ಬಿಯ ಕೈ ಬೆವತಿತ್ತು. ಅಕ್ಕ ಕನ್ನಡಿಯಲ್ಲಿ ತನ್ನ ಮುಖ ನೋಡಿಕೊಂಡಳು. ನಗುತ್ತಿತ್ತು ಅದು. ಮೂರೂ ಗೋಡೆಯಲ್ಲಿ ನಗುತ್ತಿತ್ತು.

ಗುಬ್ಬಿ ಅಮ್ಮನಿಗೆ ಫೋನು ಮಾಡುತ್ತೇನೆಂದು ಹೊರಗೆ ಓಡಿದಳು. ಪ್ರೊಡ್ಯೂಸರ್ ಚೀಲ ಹೆಗಲಿಗೇರಿಸಿ ಮೆಟ್ಟಿಲಿಳಿಯುತ್ತಿದ್ದರು. ಅಕ್ಕ ಹಿಂದೆ ಹೋದಳು. ಕರೆಯುವಾಗ ದನಿ ಬಿರುಸಾಯಿತು, ಕೊಟ್ಟ ಸಾಲ ವಾಪಸು ಕೇಳುವವಳ ಹಾಗೆ.

"ಮೇಡಂ. ನನಗೂ ಡೈರೆಕ್ಷನ್ ಬೇಕಿತ್ತು."

ಪ್ರೊಡ್ಯೂಸರ್ ಮೆಟ್ಟಿಲ ಮೇಲೆ ನಿಂತರು. "ನಿಮ್ಮ ಜೋಡಿ ಹೇಳಲಿಲ್ಲವಲ್ಲ."

"ಅವಳಿಗೆ ಗೊತ್ತಿಲ್ಲ."

"ಇನ್ಯಾರಿಗೆ ಗೊತ್ತು?"

ಯಾರಿಗೂ ಇಲ್ಲ ಎಂದು ಅಕ್ಕ ತಲೆ ಅಲ್ಲಾಡಿಸಿದಳು.

"ಪಕ್ಕದಲ್ಲಿ ಕೂರೋರಿಗೇ ಹೇಳಿಲ್ಲ ಅಂದ್ರೆ ನನಗೇನು ಕನಸು ಬೀಳುತ್ತಾ?" ದನಿಯಲ್ಲಿ ಸಿಟ್ಟಿರಲಿಲ್ಲ, ಸುಸ್ತಿತ್ತು. "ಕೈ ನೆಲ ಹುಡುಕ್ತಿತ್ತು ಅಂದ್ರಲ್ಲ, ಆಗಲೇ ಕೇಳಬೇಕಿತ್ತು ನಾನು. ಈಗ ಎರಡೂ ಜಾಗ ತುಂಬಿತು. ಅವಳ ಕಂತಿಗೆ ಅಸೋಸಿಯೇಟ್ ಡೈರೆಕ್ಟರ್ ಒಬ್ಬಳು ಬೇಕು. ಕಂಟಿನ್ಯೂಟಿಗಿಂತ ಸಂಬಳ ಕಮ್ಮಿ, ಓಡಾಟ ಜಾಸ್ತಿ, ಬೈಗುಳ ಬೇಕಾದಷ್ಟು. ಅಸೋಸಿಯೇಟ್ ಆದವಳಿಗೆ ಮುಂದೆ ಒಂದು ಕಂತು ಕೊಡ್ತೀನಿ, ನನ್ನ ಪದ್ಧತಿ ಅದು. ಆದರೆ ಅಸೋಸಿಯೇಟ್ ಯಾರು ಅಂತ ಆರಿಸೋದು ಡೈರೆಕ್ಟರು. ಅವಳನ್ನ ಕೇಳಿ. ಸಂಜೆಯೊಳಗೆ ಹೇಳಿ."

"ಅವಳನ್ನ ನಾನು ಕೇಳಬೇಕಾ?"

"ನಾನು ಕೇಳಲ್ಲ" ಎಂದು ಅವರು ಇಳಿದುಹೋದರು.

ಅಕ್ಕ ಮೆಟ್ಟಿಲ ಮೇಲೇ ಕೂತಳು. ಕ್ಲಾಪ್ ಹಿಡಿಯಲು ಬಾರದೆ ಹೆಬ್ಬೆರಳು ಜಜ್ಜಿಕೊಂಡು ಅತ್ತಿದ್ದ ಹುಡುಗಿಯ ಕೈಕೆಳಗೆ ಓಡಾಡುವುದು. ಅದಕ್ಕೂ ಅವಳ ಅಪ್ಪಣೆ ಬೇಡುವುದು. ಕಂಟಿನ್ಯೂಟಿಯಾಗಿಯೇ ಹೋದರೆ ಕುರ್ಚಿ ಸಿಗುತ್ತದೆ, ಮರ್ಯಾದೆ ಸಿಗುತ್ತದೆ, ಅದೇ ಹುಡುಗಿಯ ಶಾಟುಗಳಲ್ಲಿ ಲೋಟದ ನೀರು ನೋಡುತ್ತಾ ಕೂರಬಹುದು. ಅದನ್ನು ಊಹಿಸಿಕೊಂಡಾಗ ಹೊಟ್ಟೆಯೊಳಗಿನದು ಇನ್ನೂ ಜೋರಾಗಿ ಉರಿಯಿತು. ಎದ್ದಳು.

ಗುಬ್ಬಿ ಬಸ್ ನಿಲ್ದಾಣದ ಕಬ್ಬಿಣದ ಬೆಂಚಿನ ಮೇಲೆ ಕೂತಿದ್ದಳು. ಫೋನು ಮಡಿಲಲ್ಲಿತ್ತು. ಅತ್ತಂತೆ ಕಾಣುತ್ತಿತ್ತು.

"ನಿಮ್ಮಮ್ಮ ಏನಂದ್ರು?"

"ಟೀವಿಯಲ್ಲಿ ಮುಖ ಬರುತ್ತಾ ಅಂದ್ರು. ಬರಲ್ಲ ಅಂದೆ. ಹಾಗಾದ್ರೆ ಹುಷಾರಾಗಿ ಊಟ ಮಾಡು ಅಂದ್ರು."

ಅಕ್ಕ ಪಕ್ಕದಲ್ಲಿ ಕೂತಳು. ಸುತ್ತಿ ಬಳಸಿ ಹೇಳುವ ದಾರಿಗಳನ್ನೆಲ್ಲ ಹುಡುಕಿದಳು, ಒಂದೂ ಸಿಗಲಿಲ್ಲ. "ನಿನಗೆ ಅಸೋಸಿಯೇಟ್ ಬೇಕಂತೆ. ನನ್ನ ತಗೋ" ಎಂದಳು.

ಗುಬ್ಬಿ ಅವಳ ಕಡೆ ತಿರುಗಲಿಲ್ಲ. ಎದುರಿನ ಅಂಗಡಿಯಲ್ಲಿ ಒಬ್ಬಾತ ಏಣಿ ಹತ್ತಿ ಬೋರ್ಡು ಒರೆಸುತ್ತಿದ್ದ. ಅವನನ್ನೇ ನೋಡುತ್ತಿದ್ದಳು.

"ಯಾಕಕ್ಕಾ?"

"ನನಗೆ ಡೈರೆಕ್ಷನ್ ಮಾಡಬೇಕು. ಮೊದಲಿಂದಲೂ ಇತ್ತು. ಯಾರಿಗೂ ಗೊತ್ತಿಲ್ಲ."

"ನನಗೆ ಗೊತ್ತಿತ್ತು" ಎಂದಳು ಗುಬ್ಬಿ.

ಬಸ್ಸೊಂದು ಬಂದು ನಿಂತು ಹೋಯಿತು. ಅವರದ್ದಲ್ಲ.

"ಏನು ಗೊತ್ತಿತ್ತು?"

"ಶಾಟ್ ನಡೀವಾಗ ನೀವು ಮಾನಿಟರ್ ನೋಡ್ತಾ ಕುತ್ತಿಗೆ ವಾಲಿಸ್ತೀರಿ. ಕ್ಯಾಮೆರಾ ಎಲ್ಲಿರಬೇಕಿತ್ತೋ ಆ ಕಡೆಗೆ. ನಾನು ಬಂದಾಗಿಂದ ನೋಡ್ತಿದೀನಿ. ಅಜ್ಜಿ ಸೀನಿನ ದಿನ ರಿಹರ್ಸಲ್ಲಿಗೆ ಎಲ್ಲರೂ ಅಜ್ಜಿ ಮುಂದೆ ನಿಂತಿದ್ರು. ನೀವೊಬ್ಬರೇ ಹೋಗಿ ಬೆನ್ನ ಹಿಂದೆ ನಿಂತಿದ್ರಿ. ನಿಮ್ಮನ್ನ ನೋಡಿಯೇ ನಂಗೆ ಹೊಳೆದದ್ದು."

ಅಕ್ಕನ ದನಿ ಸಣ್ಣಗಿತ್ತು. "ಗೊತ್ತಿದ್ದೂ ಅವರ ಮುಂದೆ ಹಲ್ಲಿನ ಸೊಪ್ಪಿನ ಕಥೆ ಹೇಳಿದ್ಯಾ?"

"ಒಂದೇ ಜಾಗ ಇತ್ತು ಅಕ್ಕಾ." ಗುಬ್ಬಿ ಈಗ ತಿರುಗಿದಳು. ಮುಖದಲ್ಲಿ ಚಿಲಿಪಿಲಿ ಇರಲಿಲ್ಲ. "ನೀವು ಡೈರೆಕ್ಷನ್‌ಗೆ ಬಂದ್ರೆ ನನ್ನ ಯಾರು ಕೇಳ್ತಾರೆ? ನಾನು ನಿಮ್ಮನ್ನ ನೋಡಿ ಕದೀತೀನಿ. ನಿಮಗೆ ಎಲ್ಲಾ ತಾನಾಗೇ ಬರುತ್ತೆ. ಎಷ್ಟು ದಿನ ಮನೆಗೆ ಹೋಗಿ ಹೊಟ್ಟೆ ಉರ್ಕೊಂಡು ಮಲಗಿದೀನಿ ಗೊತ್ತಾ? ಇವರು ಬಾಯಿ ಬಿಡದೇ ಇರಲಿ ದೇವರೇ ಅಂತ."

"ಜೋಡಿ ಅಂತ ನನ್ನನ್ನೇ ಯಾಕೆ ಕರೆದೆ?"

"ನೀವು ಬೇರೆ ಯಾರ ಜೊತೆಗಾದರೂ ಬಂದಿದ್ರೆ ಅವರು ನಿಮ್ಮ ಬಗ್ಗೆ ನಿಜ ಹೇಳಿಬಿಡ್ತಿದ್ರು. ನೀವೇನೂ ಕಮ್ಮಿ ಇಲ್ಲ ಬಿಡಿ. ಪಳಗಬೇಕು ಅಂದ್ರಲ್ಲ, ಹೊಗಳೋದಕ್ಕೆ ಅಂದಿದ್ದಾ ಅದು?"

"ಅಲ್ಲ."

"ಗೊತ್ತಾಯ್ತು. ಹೊಗಳುವಾಗ ನೀವು ಜನರ ಮುಖ ನೋಡ್ತೀರಿ. ಇವತ್ತು ಸಿಪ್ಪೆ ನೋಡ್ತಿದ್ರಿ."

ಅಕ್ಕ ಬೆಂಚಿಗೆ ಒರಗಿದಳು. ಸಿಟ್ಟು ಬರಬೇಕಿತ್ತು. ಬರುತ್ತದೆ, ರಾತ್ರಿಯ ಹೊತ್ತಿಗೆ ಖಂಡಿತ ಬರುತ್ತದೆ. ಈಗ ಮಾತ್ರ ಅವಳೊಳಗೆ ಬೇರೇನೋ ಹಗುರವಾಗಿ ಓಡಾಡುತ್ತಿತ್ತು. ಇಷ್ಟು ವರ್ಷ ಅವಳನ್ನು ಜನ ಮೆಚ್ಚಿದ್ದರು, ಗೌರವಿಸಿದ್ದರು, ಮರೆತಿದ್ದರು. ಅವಳನ್ನು ನೋಡಿ ಹೊಟ್ಟೆ ಉರಿದುಕೊಂಡು ಮಲಗಿದವರು ಒಬ್ಬರಿದ್ದಾರೆಂದು ಇವತ್ತು ಗೊತ್ತಾಗಿತ್ತು. ಯಾವ ಸರ್ಟಿಫಿಕೇಟೂ ಅವಳಿಗೆ ಇಷ್ಟು ಖುಷಿ ಕೊಟ್ಟಿರಲಿಲ್ಲ.

"ಮತ್ತೆ? ತಗೋತೀಯಾ, ಇಲ್ವಾ?"

"ತಗೊಂಡ್ರೆ ನಿಮಗೆ ಮುಂದೆ ಕಂತು ಸಿಗುತ್ತೆ."

"ಹೂಂ."

"ನನಗಿಂತ ಚೆನ್ನಾಗಿ ಮಾಡ್ತೀರಿ."

"ಮಾಡ್ತೀನಿ" ಎಂದಳು ಅಕ್ಕ. "ತಗೊಳ್ಳದಿದ್ರೆ ನಿನ್ನ ಕಂತು ಕೆಡುತ್ತೆ. ಕೈ ಬಿಟ್ಟು ಬೆನ್ನು ಮಾತ್ರ ತೆಗೆಯೋಳು ನೀನು."

ಗುಬ್ಬಿ ಹಲ್ಲು ಕಚ್ಚಿದಳು. ಯೋಚಿಸುತ್ತಿದ್ದಳು, ವ್ಯಾಪಾರಕ್ಕೆ ಕೂತವಳ ಹಾಗೆ. "ಸೆಟ್ಟಿನಲ್ಲಿ ಎಲ್ಲರೆದುರು ನನ್ನ ಶಾಟು ತಪ್ಪು ಅನ್ನಬಾರದು. ಪಕ್ಕಕ್ಕೆ ಕರೆದು ಹೇಳಬೇಕು."

"ಸರಿ. ಹೇಳಿದ್ದನ್ನ ತಗೊಂಡರೆ, ಅಕ್ಕ ಹೇಳಿದ್ದು ಅಂತ ಎಲ್ಲರೆದುರು ಹೇಳಬೇಕು."

"ಎಲ್ಲಾ ಸಲ ಆಗಲ್ಲ."

"ಎಲ್ಲಾ ಸಲ."

"ಅರ್ಧ."

"ಗುಬ್ಬಿ, ಬಸ್ಸು ಬಂತು. ಎಲ್ಲಾ ಸಲ."

"ಹಾಳಾಗಿ ಹೋಗ್ಲಿ, ಸರಿ" ಎಂದಳು ಗುಬ್ಬಿ. ಹತ್ತುವಾಗಲೇ ಫೋನು ತೆಗೆದು ಪ್ರೊಡ್ಯೂಸರ್ ನಂಬರು ಒತ್ತಿದಳು. ಒಳಗೆ ಒಂದೇ ಸೀಟು ಖಾಲಿಯಿತ್ತು. ಯಾರೂ ಯಾರಿಗೂ ಕೂತ್ಕೋ ಎನ್ನಲಿಲ್ಲ. ಇಬ್ಬರೂ ಒಟ್ಟಿಗೇ ನುಗ್ಗಿದರು.